ಬೆಂಕಿ ಬಿದ್ದಾಗ ಮೊದಲ ಕರೆ

ಕೇಳುಗರಿಗೆ ನಮಸ್ಕಾರ. ಜೋಳದ ಸುಗ್ಗಿ ಮುಗಿದು ಊರ ಹೊರಗೆ ಕಣಿಕೆಯ ಬಣವೆಗಳು ಸಾಲಾಗಿ ಎದ್ದಿರುವ ಈ ದಿನಗಳಲ್ಲಿ, ಅಗ್ನಿಶಾಮಕ ಠಾಣೆಯಲ್ಲಿ ದುಡಿದು ನಿವೃತ್ತನಾದ ನಾನು ವಿಜಯಪುರ ಜಿಲ್ಲೆಯ ರೈತ ಬಂಧುಗಳಿಗೂ ತಾಯಂದಿರಿಗೂ ಹೇಳಬೇಕಾದ ಮಾತು ಒಂದೇ: ಬೆಂಕಿ ಕಂಡ ಕೂಡಲೇ ಸರಕಾರಕ್ಕೆ ಸುದ್ದಿ ಮುಟ್ಟಿಸಿರಿ, ಆರಿದ ಮೇಲೆ ಅಲ್ಲ.

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112 ಎಂಬ ಒಂದೇ ಸಂಖ್ಯೆ ಸಾಕು. ಕರೆ ಮಾಡಿದಾಗ ಊರಿನ ಜೊತೆಗೆ ತಾಲ್ಲೂಕಿನ ಹೆಸರನ್ನೂ ಹೇಳಬೇಕು. ನಮ್ಮ ಕಡೆ ಒಂದೇ ಹೆಸರಿನ ಎರಡು ಊರುಗಳಿದ್ದರೆ ಒಂದಕ್ಕೆ ಬಿ.ಕೆ., ಇನ್ನೊಂದಕ್ಕೆ ಕೆ.ಡಿ. ಎಂದು ಸೇರಿಸುವ ರೂಢಿಯಿದೆ. ಆ ಎರಡಕ್ಷರ ಬಿಟ್ಟರೆ ವಾಹನ ಬೇರೆ ಊರಿನ ಅಗಸಿಯಲ್ಲಿ ಹೋಗಿ ನಿಂತೀತು.

ಡೋಣಿ ನದಿಯ ದಂಡೆಯ ಒಂದು ಹಳ್ಳಿಯ ಸಂಗತಿಯನ್ನು ಹೇಳುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ಅಲ್ಲಿ ಒಂದು ಬಣವೆಗೆ ಬೆಂಕಿ ತಗುಲಿತು. ಊರವರು ಕೊಡ ಹಿಡಿದು ಓಡಿದರೇ ಹೊರತು, ನೂರು ಮೊಬೈಲುಗಳಿದ್ದ ಆ ಊರಿನಲ್ಲಿ ಯಾರೂ ಕರೆ ಮಾಡಲಿಲ್ಲ. ಬಣವೆಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡವಾಗಿ ಉಳಿಯುತ್ತದೆ. ಕಣಿಕೆಯನ್ನು ಎಳೆದು ಹರಡಿ ತೋಯಿಸದ ಹೊರತು ಅದು ಸಾಯುವುದಿಲ್ಲ. ಗಾಳಿ ಬೀಸಿತು, ಕೆಂಡ ಮತ್ತೆ ಹೊತ್ತಿಕೊಂಡಿತು, ನಮಗೆ ಸುದ್ದಿ ಬರುವ ಹೊತ್ತಿಗೆ ಐದನೆಯ ಬಣವೆ ಉರಿಯುತ್ತಿತ್ತು. ಅಷ್ಟರಲ್ಲಿ ಎಮ್ಮೆಯ ಕಣ್ಣಿ ಬಿಚ್ಚಲು ಹೋದ ಒಬ್ಬ ಅಜ್ಜಿಯ ಎರಡೂ ಮುಂಗೈಗಳು ಸುಟ್ಟಿದ್ದವು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕಾದ ಆ ಕೈಗಳಿಗೆ ಟೂತ್‌ಪೇಸ್ಟ್ ಬಳಿದಿದ್ದರು. ಪೊಲೀಸ್ ಕೇಸಾದೀತೆಂದು ಹೆದರಿದ ಮಗ ದವಾಖಾನೆಯಲ್ಲಿ ‘ಬಿಸಿನೀರು ಬಿತ್ತು’ ಎಂದು ಬರೆಸಿದನು. ಪರಿಹಾರಕ್ಕೆ ಅರ್ಜಿ ಹಾಕುವಾಗ ನೋಡಿದರೆ ಚೀಟಿಯಲ್ಲಿ ಬಿಸಿನೀರು, ಪಂಚನಾಮೆಯೇ ಇಲ್ಲ, ನಮ್ಮ ಠಾಣೆಯ ವರದಿಯಲ್ಲಿ ಬಣವೆಗಳ ಲೆಕ್ಕ ಮಾತ್ರ. ಅಜ್ಜಿ ಕೈ ಚಾಚಿ, “ಸಾಹೇಬ್ರ, ಇದು ಬಿಸಿನೀರಿನ ಗಾಯ ಅದ ಏನ್ರಿ?” ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು, ಅದನ್ನು ಹೇಳುವ ಕಾಗದ ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಸುದ್ದಿಯನ್ನು ಕೂಡಲೇ ಮುಟ್ಟಿಸಿರಿ, ಇದ್ದದ್ದನ್ನು ಇದ್ದಂತೆಯೇ ಮುಟ್ಟಿಸಿರಿ. ಸುಟ್ಟ ಗಾಯವನ್ನು ವೈದ್ಯರು ಮೆಡಿಕೋ ಲೀಗಲ್, ಅಂದರೆ ಕಾನೂನಿನ ತನಿಖೆ ಬೇಕಾಗಬಹುದಾದ ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸಿದರೆ, ಅದು ನಿಮ್ಮ ಮೇಲೆ ಹೂಡಿದ ಮೊಕದ್ದಮೆ ಎಂದು ದಯವಿಟ್ಟು ತಿಳಿಯಬೇಡಿರಿ. ಸುಟ್ಟುಕೊಂಡು ಬಂದ ಸೊಸೆಯ ಬಾಯಿ ತೆರೆಯುವ ಮೊದಲೇ ‘ಸ್ಟೋವ್ ಸಿಡಿಯಿತು’ ಎಂದು ಮನೆಯವರು ಮುಂದಾಗಿ ಹೇಳುವುದನ್ನು ನಾನು ಸಹಿಸಲಾರೆ. ಅವಳ ಮಾತನ್ನು ಅವಳೇ ಹೇಳಲಿ. ಆಸಿಡ್ ದಾಳಿಗೆ ಒಳಗಾದವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಂದು ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಿ, ತಕ್ಷಣ ಪೊಲೀಸರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಿದ್ಯುತ್ ತಂತಿ ಹರಿದು ಬಿದ್ದರೆ ನೀರು ಹಾಕದೆ, ಹತ್ತಿರ ಹೋಗದೆ 1912ಕ್ಕೆ ತಿಳಿಸಿರಿ. ವಿದ್ಯುತ್ತಿನಿಂದ ಮನುಷ್ಯರಿಗಾಗಲಿ ದನಗಳಿಗಾಗಲಿ ಅಪಾಯವಾದರೆ, 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಮಿನಂತೆ ವಿದ್ಯುತ್ ಪರಿವೀಕ್ಷಕರಿಗೂ ಸುದ್ದಿ ಮುಟ್ಟಬೇಕು. ಅಡುಗೆ ಅನಿಲ ಸೋರಿದರೆ 1906. ಸಿಲಿಂಡರಿನಿಂದ ಅನಾಹುತವಾದರೆ ವಿತರಕರಿಗೆ ಬರವಣಿಗೆಯಲ್ಲಿ ತಿಳಿಸಿರಿ. ತೈಲ ಕಂಪನಿಗಳು ಮಾಡಿಸಿರುವ ವಿಮೆಗೆ ಆ ಪತ್ರವೇ ಮೊದಲ ಮೆಟ್ಟಿಲು.

ಬಣವೆ ಸುಟ್ಟುಹೋದವರು ಅದೇ ದಿನ ಪೊಲೀಸ್ ಠಾಣೆಗೂ ಗ್ರಾಮ ಆಡಳಿತಾಧಿಕಾರಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿರಿ. ಪಂಚನಾಮೆ ಆಗುವವರೆಗೆ ಆ ಬೂದಿಯನ್ನು ಗುಡಿಸಬೇಡಿರಿ. ನಮಸ್ಕಾರ.