ಫಿಟ್ಸ್ ಬಂದರೆ ಎದೆಗೇಕೆ ಸ್ಟೆತೊಸ್ಕೋಪ್?

ಎಲ್ಲರಿಗೂ ನಮಸ್ಕಾರ.

ಫಿಟ್ಸ್ ಬಂತೆಂದು ಯಾರನ್ನಾದರೂ ಆಸ್ಪತ್ರೆಗೆ ಕರೆತಂದಾಗ ಮನೆಯವರದು ಸಾಮಾನ್ಯವಾಗಿ ಒಂದೇ ಮಾತು: "ಡಾಕ್ಟ್ರೇ, ಮೊದಲು ತಲೆ ಸ್ಕ್ಯಾನ್ ಮಾಡಿಸಿ." ನಾವು ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಮುಖ ಮುಖ ನೋಡಿಕೊಳ್ಳುತ್ತಾರೆ. ತಲೆಯ ಕಾಯಿಲೆಗೆ ಎದೆ ಯಾಕೆ?

ಅನುಮಾನ ನ್ಯಾಯವಾದದ್ದೇ. ಮಿದುಳಿನ ನರಕೋಶಗಳು ಅಂಕೆ ಮೀರಿ ಒಟ್ಟೊಟ್ಟಿಗೆ ವಿದ್ಯುತ್ ಹರಿಸಿದಾಗ ಫಿಟ್ಸ್, ಅಂದರೆ ಸೆಳವು, ಬರುತ್ತದೆ. ಅದರಲ್ಲಿ ಕಿವಿಗೆ ಸಿಗುವ ಸದ್ದಿಲ್ಲ. ಮಿದುಳಿನ ಆ ವಿದ್ಯುತ್ತನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ ಇಇಜಿ. ಆ ಗೆರೆಗಳನ್ನು ಮನುಷ್ಯರಲ್ಲಿ ಮೊದಲು ದಾಖಲಿಸಿದ್ದು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ಸ್ಟೆತೊಸ್ಕೋಪ್ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿರಿದು. 1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್ ಎಂಬ ವೈದ್ಯ, ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಕೇಳಿದ. ಹೃದಯದ ಬಡಿತ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮರದ ಕೊಳವೆ ಮಾಡಿಕೊಂಡ. ಆತ ಕೊಳಲು ನುಡಿಸುತ್ತಿದ್ದವನೂ ಹೌದು.

ಈಗ ವಿಷಯಕ್ಕೆ ಬರೋಣ. ಎಚ್ಚರ ತಪ್ಪಿ ಬಿದ್ದವರಿಗೆಲ್ಲ ಫಿಟ್ಸ್ ಆಗಿರುವುದಿಲ್ಲ. ಕೆಲವೇ ಸೆಕೆಂಡು ಮಿದುಳಿಗೆ ರಕ್ತ ಸಾಲದೇ ಹೋದರೂ ಮನುಷ್ಯ ಕುಸಿಯುತ್ತಾನೆ, ಕೈಕಾಲು ನಾಲ್ಕಾರು ಸಲ ಅದುರುತ್ತವೆ. ನೋಡಿದವರು ಫಿಟ್ಸ್ ಎನ್ನುತ್ತಾರೆ, ಚೀಟಿಯಲ್ಲೂ ಅದೇ ಬರೆದುಬಿಟ್ಟರೆ ವರ್ಷಗಟ್ಟಲೆ ಬೇಡದ ಮಾತ್ರೆ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ ಕಿರಿದಾದವರು ಮೆಟ್ಟಿಲು ಹತ್ತುವಾಗ, ಭಾರ ಹೊರುವಾಗ ಹೀಗೆ ಬೀಳುವುದುಂಟು. ಅವರ ಎದೆಮೂಳೆಯ ಬಲಕ್ಕೆ, ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಸ್ಟೆತೊಸ್ಕೋಪ್ ಇಟ್ಟರೆ, 'ಲಬ್' ಮತ್ತು 'ಡಬ್' ನಡುವೆ ಒರಟು ಸದ್ದೊಂದು ಏರಿ ಇಳಿಯುತ್ತದೆ. ಎಷ್ಟೋ ಸಲ ಅದು ಕುತ್ತಿಗೆಯಲ್ಲೂ ಕೇಳಿಸುತ್ತದೆ. ಅಂಥವರಿಗೆ ತಲೆ ಸ್ಕ್ಯಾನಿಗಿಂತ ಮೊದಲು ಬೇಕಾದದ್ದು ಎಕೋ, ಅಂದರೆ ಹೃದಯದ ಸ್ಕ್ಯಾನ್.

ಸದ್ದು ಕೇಳಿಸಲಿಲ್ಲವೆಂದು ಹೃದಯವನ್ನು ಬಿಟ್ಟುಬಿಡುವಂತಿಲ್ಲ. ಆಗಾಗ ಲಯ ತಪ್ಪುವ ಹೃದಯ ಉಳಿದ ಹೊತ್ತಿನಲ್ಲಿ ಅಚ್ಚುಕಟ್ಟಾಗಿ ಬಡಿಯುತ್ತಿರುತ್ತದೆ. ಆದ್ದರಿಂದ ಮೊದಲ ಸಲ ಬಿದ್ದವರಿಗೆ ಹೃದಯದ ವಿದ್ಯುತ್ತನ್ನು ಗೆರೆಯಲ್ಲಿ ತೋರಿಸುವ ಇಸಿಜಿ ಆಗಲೇಬೇಕು. ಅದು ಅಗ್ಗ, ಐದು ನಿಮಿಷದ ಕೆಲಸ. ಆದರೂ ಎಷ್ಟೋ ಕಡೆ ಮರೆತೇ ಹೋಗುತ್ತದೆ.

ನಿಜವಾದ ದೊಡ್ಡ ಫಿಟ್ಸಿಗೂ ತನ್ನದೇ ಸದ್ದುಗಳಿವೆ. ಕೆಲವರು ಶುರುವಿನಲ್ಲೇ ವಿಕಾರವಾಗಿ ಕೂಗುತ್ತಾರೆ. ದೆವ್ವ ಮೆಟ್ಟಿತು ಎನ್ನುವುದು ಈ ಕೂಗನ್ನು ಕೇಳಿಯೇ. ಎದೆಯ ಸ್ನಾಯುಗಳು ಒಮ್ಮೆಲೇ ಬಿಗಿದು, ಮುಚ್ಚಿದ ಧ್ವನಿತಂತುಗಳ ನಡುವೆ ಗಾಳಿ ನುಗ್ಗಿದ್ದರಿಂದ ಬಂದ ಸದ್ದು ಅದು, ನೋವಿನದ್ದಲ್ಲ. ಆಮೇಲೆ ಮೈ ಸೆಟೆದು ಉಸಿರು ನಿಂತಂತಾಗಿ ತುಟಿ ನೀಲಿಯಾಗುತ್ತದೆ, ಕೈಕಾಲು ಜಗ್ಗುತ್ತವೆ, ಕೊನೆಗೆ ಗೊರಕೆಯಂಥ ಉಸಿರು. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಯಾರೋ ಕೈಗೆ ಬೀಗದ ಕೈ ಕೊಟ್ಟಿರುತ್ತಾರೆ, ಕೀರ್ತಿ ಬೀಗದ ಕೈಗೆ! ಐದು ನಿಮಿಷ ದಾಟಿದರೆ ಮಾತ್ರ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹೀಗೆ ಕೈಗೆ ಕಬ್ಬಿಣ ಕೊಡುವುದರಿಂದ ಹೆಚ್ಚೇನೂ ಹಾನಿಯಿಲ್ಲ. ಬಾಯಿಗೆ ನೀರು ಹುಯ್ಯುವುದರಿಂದ ಇದೆ. ಎಚ್ಚರವಿಲ್ಲದವರ ಬಾಯಿಗೆ ಬಿದ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಬಲಗಡೆಯ ಶ್ವಾಸನಾಳ ಹೆಚ್ಚು ಅಗಲ, ಹೆಚ್ಚು ನೇರ, ಆದ್ದರಿಂದ ಬಲಗಡೆಗೇ ಹೆಚ್ಚು. ಫಿಟ್ಸ್ ನಿಂತ ಮೇಲೆ ನಾವು ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಲಗಡೆ ಕೆಳಭಾಗದಲ್ಲಿ ಚರಚರ ಸದ್ದನ್ನು ಹುಡುಕುವುದು ಇದಕ್ಕೇ. ನೀವು ಮಾಡಬೇಕಾದದ್ದು, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸುವುದು. ಬಾಯಿಗೆ ಚಮಚ ತುರುಕಬೇಡಿ.

ನಮ್ಮ ಕಡೆಯದೇ ಒಂದು ಬಗೆ ಹೇಳಲೇಬೇಕು. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಸೆಳವು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಒಂದರ ಹಿಂದೊಂದು ಸುರಿದುಕೊಳ್ಳುವ ನಮ್ಮ ಎಣ್ಣೆಸ್ನಾನದ ರೀತಿಯೇ ಇವರಿಗೆ ಶತ್ರು. ನೀರು ಉಗುರುಬೆಚ್ಚಗಿರಲಿ, ತಲೆಗೆ ನಿಧಾನವಾಗಿ ಬೀಳಲಿ, ಬಚ್ಚಲಮನೆಯ ಚಿಲಕ ಹಾಕಬೇಡಿ. ಅನೇಕರಿಗೆ ಇಷ್ಟರಿಂದಲೇ ಹತೋಟಿಗೆ ಬರುತ್ತದೆ.

ಕೊನೆಗೆ, ಬಿದ್ದವರನ್ನು ಮಗ್ಗುಲಿಗೆ ಮಲಗಿಸಿದ ಮೇಲೆ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿ. ಕಣ್ಣು ತೆರೆದಿತ್ತೇ, ಮುಖ ಬಿಳಿಚಿತ್ತೇ ನೀಲಿಯಾಗಿತ್ತೇ, ಯಾವ ಕೈ ಮೊದಲು ಅದುರಿತು, ಎಚ್ಚರವಾದ ಮೇಲೆ ಹೆಸರು ಹೇಳಲು ಎಷ್ಟು ಹೊತ್ತು ಹಿಡಿಯಿತು, ಇವೆಲ್ಲ ಅದರಲ್ಲಿ ಸಿಗುತ್ತವೆ. ಸದ್ದು ಆಫ್ ಮಾಡಬೇಡಿ, ಆ ಉಸಿರೂ ನಮಗೆ ಬೇಕು. ಈಗ ನಿಮ್ಮ ಪ್ರಶ್ನೆಗಳು.