ಲೈನ್ಸ್‌ಮನ್‌ಗೆ ಡಿಕ್ಕಿ: ತಲೆಗೆ ಪೆಟ್ಟು ತಿಂದ ಆಟಗಾರನಿಗೆ ಎಷ್ಟು ಶಿಕ್ಷೆ?

[ದೃಶ್ಯ: ಮಂಜಿನ ಅಂಗಳ, ಕೆಂಪು ಜೆರ್ಸಿಯ ಆಟಗಾರ ಬೆಂಚಿನ ಕಡೆ ಬರುತ್ತಿದ್ದಾನೆ. ಮಾಮೂಲಿ ವೇಗ.]

ನಮಸ್ಕಾರ. ಇದು 2016ರ ಜನವರಿ 27ರ ರಾತ್ರಿ, ಕೆನಡಾದ ಕ್ಯಾಲ್ಗರಿ ನಗರ. ಎನ್‌ಎಚ್‌ಎಲ್ ಐಸ್ ಹಾಕಿ ಲೀಗ್‌ನಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಮತ್ತು ನ್ಯಾಶ್‌ವಿಲ್ ಪ್ರೆಡೇಟರ್ಸ್ ಆಡುತ್ತಿವೆ. ಎರಡನೇ ಅವಧಿಯಲ್ಲಿ ಫ್ಲೇಮ್ಸ್‌ನ ಡಿಫೆಂಡರ್ ಡೆನಿಸ್ ವೈಡ್‌ಮನ್‌ಗೆ ನ್ಯಾಶ್‌ವಿಲ್‌ನ ಮೀಕಾ ಸಾಲೊಮಾಕಿ ಮೂಲೆಯಲ್ಲಿ ಜೋರಾಗಿ ಗುದ್ದುತ್ತಾನೆ. ವೈಡ್‌ಮನ್ ಬೀಳುತ್ತಾನೆ, ಕಷ್ಟಪಟ್ಟು ಏಳುತ್ತಾನೆ, ಬಗ್ಗಿಕೊಂಡೇ ತನ್ನ ಬೆಂಚಿನ ಕಡೆ ಜಾರಿಕೊಂಡು ಬರುತ್ತಾನೆ. ದಾರಿಯಲ್ಲಿ ಲೈನ್ಸ್‌ಮನ್ ಡಾನ್ ಹೆಂಡರ್ಸನ್ ಇದ್ದಾರೆ. ಅವರ ಬೆನ್ನು ವೈಡ್‌ಮನ್ ಕಡೆಗಿದೆ. ವೈಡ್‌ಮನ್‌ನ ಎರಡೂ ಕೈ ಮೇಲೇಳುತ್ತವೆ, ಕೈಯಲ್ಲಿ ಅಡ್ಡಕ್ಕೆ ಹಿಡಿದ ಸ್ಟಿಕ್ ಇದೆ. ಹೆಂಡರ್ಸನ್ ಮುಂದಕ್ಕೆ ಮುಗ್ಗರಿಸಿ ಮಂಜಿನ ಮೇಲೆ ಬೀಳುತ್ತಾರೆ.

[ದೃಶ್ಯ: ಅದೇ ಕ್ಲಿಪ್, ನಿಧಾನಗತಿಯಲ್ಲಿ.]

ಈಗ ನಿಧಾನವಾಗಿ ನೋಡಿ. ಬೇಕಂತಲೇ ಹೊಡೆದ ಹಾಗೆ ಕಾಣಿಸುತ್ತದೆ ಅಲ್ವಾ? ಮಾಮೂಲಿ ವೇಗದಲ್ಲಿ ನನಗೆ ಅಷ್ಟು ಖಾತ್ರಿ ಇರಲಿಲ್ಲ. ನಿಧಾನಗತಿಯಲ್ಲಿ ನೋಡುವಾಗ ಅವನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಇತ್ತು ಅನ್ನಿಸಿಬಿಡುತ್ತದೆ. ನಿಜವಾಗಿ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಕಿ ಅಂದ ತಕ್ಷಣ ನಮಗೆ ನೆನಪಾಗುವುದು ಕೊಡಗು, ಟರ್ಫ್, ಇಬ್ಬರು ಅಂಪೈರ್‌ಗಳು. ಐಸ್ ಹಾಕಿಯ ಕಥೆ ಬೇರೆ. ಎನ್‌ಎಚ್‌ಎಲ್ ಪಂದ್ಯದಲ್ಲಿ ನಾಲ್ಕು ಜನ ಅಧಿಕಾರಿಗಳು ಇರುತ್ತಾರೆ. ತೋಳಿಗೆ ಕಿತ್ತಳೆ ಪಟ್ಟಿ ಇರುವ ಇಬ್ಬರು ರೆಫರಿಗಳು, ಪಟ್ಟಿ ಇಲ್ಲದ ಇಬ್ಬರು ಲೈನ್ಸ್‌ಮನ್‌ಗಳು. ಆಟಗಾರರು ಜಗಳಕ್ಕೆ ಬಿದ್ದರೆ ನಡುವೆ ನುಗ್ಗಿ ಬಿಡಿಸುವುದು ಲೈನ್ಸ್‌ಮನ್‌ಗಳ ಕೆಲಸ. ಆಟಗಾರರಿಗೆ ಇರುವಂಥ ದಪ್ಪ ಪ್ಯಾಡ್ ಅವರಿಗೆ ಇರುವುದಿಲ್ಲ. ಮೈ ತಾಗುವುದನ್ನು ಪೂರ್ತಿ ತಪ್ಪಿಸಲು ಈ ಆಟದಲ್ಲಿ ಸಾಧ್ಯವೇ ಇಲ್ಲ. ಹಾಗಾಗಿ ಮುಟ್ಟಿದನೋ ಇಲ್ಲವೋ ಅಂತ ಕೇಳಿ ಪ್ರಯೋಜನವಿಲ್ಲ. ಹೇಗೆ ಮುಟ್ಟಿದ, ಯಾಕೆ ಮುಟ್ಟಿದ ಅಂತಲೇ ನೋಡಬೇಕು.

[ಗ್ರಾಫಿಕ್: ನಿಯಮ 40. 20 ಪಂದ್ಯ, 10 ಪಂದ್ಯ, 3 ಪಂದ್ಯ.]

ಎನ್‌ಎಚ್‌ಎಲ್‌ನ 40ನೇ ನಿಯಮ ನೋಡುವುದೂ ಅದನ್ನೇ. ಬೇಕಂತಲೇ ಹೊಡೆದು ಗಾಯ ಮಾಡಿದರೆ, ಅಥವಾ ಗಾಯ ಮಾಡುವ ಉದ್ದೇಶದಿಂದಲೇ ಬಲ ಹಾಕಿದರೆ, ಕನಿಷ್ಠ 20 ಪಂದ್ಯ ಹೊರಗೆ. ಬೇಕಂತಲೇ ಬಲ ಹಾಕಿದ, ಆದರೆ ಗಾಯ ಮಾಡುವ ಉದ್ದೇಶ ಇರಲಿಲ್ಲ ಅಂದರೆ 10. ಅವಮಾನ ಮಾಡುವ ಹಾಗೆ ಮೈಮೇಲೆ ಹೋದರೆ 3. ಆಗ ಸೀಸನ್‌ಗೆ 82 ಪಂದ್ಯ ಇತ್ತು, 20 ಅಂದ್ರೆ ಸುಮಾರು ಕಾಲು ಭಾಗ.

ಈ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. 1981ರ ಕೊನೆಯಲ್ಲಿ ಫಿಲಡೆಲ್ಫಿಯಾದ ಪಾಲ್ ಹಾಮ್‌ಗ್ರೆನ್ ರೆಫರಿ ಆಂಡಿ ವ್ಯಾನ್ ಹೆಲೆಮಂಡ್ ಅವರ ಎದೆಗೆ ಗುದ್ದಿದ. ಸಿಕ್ಕಿದ್ದು ಬರೀ 5 ಪಂದ್ಯ. ಅಧಿಕಾರಿಗಳು ಸಿಟ್ಟಿಗೆದ್ದರು. ಮುಂದಿನ ವಸಂತದಲ್ಲಿ ಬಾಸ್ಟನ್‌ನ ಟೆರಿ ಓ'ರೈಲಿ ಅದೇ ರೆಫರಿ ಮೇಲೆ ಕೈ ಮಾಡಿದ. ಆಮೇಲೆಯೇ 20 ಪಂದ್ಯಗಳ ನಿಯಮ ಬಂತು. 1983ರ ಅಕ್ಟೋಬರ್‌ನಲ್ಲಿ ಶಿಕಾಗೊದ ಟಾಮ್ ಲೈಸಿಯಾಕ್, ಲೈನ್ಸ್‌ಮನ್ ತನ್ನನ್ನು ಪದೇ ಪದೇ ಫೇಸ್‌ಆಫ್‌ನಿಂದ (ಇಬ್ಬರು ಆಟಗಾರರ ನಡುವೆ ಪಕ್ ಬೀಳಿಸಿ ಆಟ ಶುರು ಮಾಡುವುದು) ಹೊರಗೆ ಕಳಿಸಿದರು ಅಂತ ಕೋಪಗೊಂಡು, ಹಿಂದಿನಿಂದ ಅವರ ಕಾಲಿಗೆ ಸ್ಟಿಕ್ ಕೊಟ್ಟು ಬೀಳಿಸಿದ. ಪೂರ್ತಿ 20 ಪಂದ್ಯ ಅನುಭವಿಸಿದ. ನನ್ನ ಪ್ರಕಾರ ಅದು ನ್ಯಾಯವೇ.

ಆದರೆ ವೈಡ್‌ಮನ್ ಪ್ರಕರಣ ಅರ್ಥವಾಗಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು.

[ದೃಶ್ಯ: ಕಪ್ಪು ಬಿಳುಪು ಫೋಟೊ, ಮಾಂಟ್ರಿಯಲ್ ಕೆನಡಿಯನ್ಸ್ ಜೆರ್ಸಿಯಲ್ಲಿ ಮೊರೀಸ್ ರಿಶಾರ್.]

ಮೊರೀಸ್ ರಿಶಾರ್. ಮಾಂಟ್ರಿಯಲ್‌ನ ಫ್ರೆಂಚ್ ಮಾತಾಡುವ ಜನಕ್ಕೆ ಇವನು ಆಟಗಾರ ಮಾತ್ರ ಅಲ್ಲ, ಮನೆಮಗ. 1955ರ ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಅಲ್ಲಿನ ತಂಡದ ಹಾಲ್ ಲೇಕೊನ ಸ್ಟಿಕ್ ರಿಶಾರ್ ತಲೆಗೆ ಬಡಿಯಿತು. ಐದು ಹೊಲಿಗೆ ಬಿದ್ದ ಗಾಯ. ರಕ್ತ ಸುರಿಯುತ್ತಿದ್ದಂತೆ ರಿಶಾರ್ ಸ್ಟಿಕ್ ಎತ್ತಿಕೊಂಡು ಲೇಕೊನನ್ನು ಬಡಿದ. ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್ ಅವನ ಕೈಗಳನ್ನು ಹಿಡಿದುಕೊಂಡರು. ರಿಶಾರ್ ಬಿಡಿಸಿಕೊಂಡು ಥಾಂಪ್ಸನ್ ಮುಖಕ್ಕೆ ಎರಡು ಸಲ ಗುದ್ದಿದ. ಅದೇ ಸೀಸನ್‌ನಲ್ಲಿ ಮೊದಲೂ ಒಮ್ಮೆ ಲೈನ್ಸ್‌ಮನ್ ಮೇಲೆ ಕೈ ಮಾಡಿ ದಂಡ ಕಟ್ಟಿದ್ದ.

ವಿಚಾರಣೆಯಲ್ಲಿ ರಿಶಾರ್ ಏನು ಹೇಳಿದ ಗೊತ್ತಾ? ತಲೆ ಮಂಕಾಗಿತ್ತು, ಥಾಂಪ್ಸನ್ ಬಾಸ್ಟನ್ ಆಟಗಾರ ಅಂದುಕೊಂಡೆ ಅಂತ. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಒಪ್ಪಲಿಲ್ಲ. ಸೀಸನ್‌ನ ಉಳಿದ ಪಂದ್ಯಗಳು ಮತ್ತು ಪ್ಲೇಆಫ್ ಪೂರ್ತಿ ನಿಷೇಧ. ಮಾರ್ಚ್ 17ರಂದು ಕ್ಯಾಂಪ್‌ಬೆಲ್ ಮಾಂಟ್ರಿಯಲ್ ಫೋರಂಗೆ ಪಂದ್ಯ ನೋಡಲು ಬಂದರು. ಮೊಟ್ಟೆ, ಟೊಮೆಟೊ ಹಾರಿದವು. ಅಶ್ರುವಾಯು ಬಾಂಬ್ ಸಿಡಿಯಿತು. ಪಂದ್ಯ ನಿಂತು ಎದುರಾಳಿ ಡೆಟ್ರಾಯಿಟ್‌ಗೆ ಗೆಲುವು ಕೊಟ್ಟರು. ಜನ ಸೇಂಟ್ ಕ್ಯಾಥರಿನ್ ಬೀದಿಯಲ್ಲಿ ಅಂಗಡಿಗಳ ಗಾಜು ಒಡೆದರು. ಮಾರನೇ ದಿನ ರಿಶಾರ್‌ನೇ ಬಂದು ಜನರನ್ನು ಶಾಂತವಾಗಿರಿ ಅಂತ ಕೇಳಿಕೊಳ್ಳಬೇಕಾಯಿತು. ಆ ಸೀಸನ್‌ನ ಆಟಗಾರರ ಅಂಕಪಟ್ಟಿಯ ಅಗ್ರಸ್ಥಾನ ಒಂದೇ ಒಂದು ಪಾಯಿಂಟ್‌ನಿಂದ ಅವನ ಕೈತಪ್ಪಿ ಅವನದೇ ತಂಡದ ಬರ್ನಿ ಜೆಫ್ರಿಯಾನ್ ಪಾಲಾಯಿತು.

ರಿಶಾರ್ ಪರವಾಗಿ ಬೀದಿಗಿಳಿದ ಜನರ ನೋವು ನನಗೆ ಅರ್ಥವಾಗುತ್ತದೆ. ಇಂಗ್ಲಿಷ್ ಮಾತಾಡುವ ದೊಡ್ಡವರು ತಮ್ಮವನನ್ನು ತುಳಿದರು ಅನ್ನುವ ಭಾವನೆ ಅದರ ಹಿಂದೆ ಇತ್ತು. ಹಾಗಂತ ಮುಖಕ್ಕೆ ಎರಡು ಗುದ್ದು ತಿಂದ ಥಾಂಪ್ಸನ್ ಬಗ್ಗೆ ಮಾತಾಡಿದವರು ಕಡಿಮೆ. ತಲೆ ಮಂಕಾಗಿತ್ತು ಅನ್ನುವ ಮಾತನ್ನು ಅಳೆಯುವ ವೈದ್ಯಕೀಯ ವ್ಯವಸ್ಥೆಯೂ ಆಗ ಇರಲಿಲ್ಲ.

[ದೃಶ್ಯ: ಮತ್ತೆ 2016.]

2016ರಲ್ಲಿ ಇತ್ತು. ತಲೆಗೆ ಪೆಟ್ಟು ಬಿದ್ದವರನ್ನು ಗುರುತಿಸಲೆಂದೇ ಪಂದ್ಯಗಳಲ್ಲಿ ಕನ್‌ಕಷನ್ ಸ್ಪಾಟರ್‌ಗಳು ಇದ್ದರು. ಆದರೂ ವೈಡ್‌ಮನ್ ಆಟ ಮುಂದುವರಿಸಿದ. ಅವನಿಗೆ ಕನ್‌ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಘಾತ ಆಗಿದೆ ಅಂತ ಆಮೇಲೆ ಪತ್ತೆಯಾಯಿತು. ಹೆಂಡರ್ಸನ್ ಕೂಡ ಪಂದ್ಯ ಮುಗಿಸಿಯೇ ಆಸ್ಪತ್ರೆ ಸೇರಿದರು.

ಲೀಗ್ 20 ಪಂದ್ಯ ಹಾಕಿತು. ಕಳೆದುಕೊಂಡ ಸಂಬಳ 5,64,516 ಡಾಲರ್. ವೈಡ್‌ಮನ್ ಮೇಲ್ಮನವಿ ಹಾಕಿದ. ಕಮಿಷನರ್ ಗ್ಯಾರಿ ಬೆಟ್‌ಮನ್ ಶಿಕ್ಷೆಯನ್ನು ಹಾಗೇ ಉಳಿಸಿದರು. ವೈಡ್‌ಮನ್ ಸಹ ಆಟಗಾರನಿಗೆ ರೆಫರಿಗಳನ್ನು ಬೈದು ಕಳಿಸಿದ್ದ ಮೆಸೇಜನ್ನೂ ತೀರ್ಪಿನಲ್ಲಿ ಎತ್ತಿ ಹೇಳಿದರು, ಇವನಿಗೆ ಪಶ್ಚಾತ್ತಾಪ ಇಲ್ಲ ಅನ್ನುವುದಕ್ಕೆ. ಪಶ್ಚಾತ್ತಾಪ ಇಲ್ಲದ್ದು ತಪ್ಪು, ಒಪ್ಪಿದೆ. ಆದರೆ ಪೆಟ್ಟಿನ ನಂತರ ಸಿಟ್ಟಿನಲ್ಲಿ ಕಳಿಸಿದ ಮೆಸೇಜ್, ಪೆಟ್ಟು ಕೊಡುವಾಗ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಹೇಗಾಗುತ್ತದೆ?

ಆಟಗಾರರ ಸಂಘ ತಟಸ್ಥ ಮಧ್ಯಸ್ಥಗಾರ ಜೇಮ್ಸ್ ಓಲ್ಡಮ್ ಬಳಿ ಹೋಯಿತು. ಮಾರ್ಚ್ 11ರಂದು ಅವರು ಗಾಯ ಮಾಡುವ ಉದ್ದೇಶ ಸಾಬೀತಾಗಿಲ್ಲ ಅಂತ ಹೇಳಿ ಶಿಕ್ಷೆಯನ್ನು 10ಕ್ಕೆ ಇಳಿಸಿದರು. ಅಷ್ಟರಲ್ಲಿ ವೈಡ್‌ಮನ್ 19 ಪಂದ್ಯ ಹೊರಗೆ ಕೂತಾಗಿತ್ತು. ಅರ್ಧ ಸಂಬಳ ವಾಪಸ್ ಬರುತ್ತದೆ, ಪಂದ್ಯಗಳು ವಾಪಸ್ ಬರುವುದಿಲ್ಲ. ಲೀಗ್ ಅಲ್ಲಿಗೂ ಬಿಡಲಿಲ್ಲ. ಓಲ್ಡಮ್ ಅವರನ್ನು ತೆಗೆದುಹಾಕಿತು, ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೆ ಹೋಯಿತು, ಅಲ್ಲೂ ಸೋತಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಓಲ್ಡಮ್ ತೀರ್ಪು ಸರಿ. 10 ಪಂದ್ಯ ಕಡಿಮೆ ಶಿಕ್ಷೆ ಏನಲ್ಲ. ತಲೆ ತಿರುಗುತ್ತಿತ್ತು ಅನ್ನುವ ಕಾರಣಕ್ಕೆ ವೈಡ್‌ಮನ್‌ನನ್ನು ಪೂರ್ತಿ ಬಿಟ್ಟುಬಿಡಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಹಾಗೆ ಬಿಟ್ಟರೆ ಮುಂದಿನ ಸಲ ಎಲ್ಲರೂ ಅದೇ ಮಾತು ಹೇಳುತ್ತಾರೆ, ಲೈನ್ಸ್‌ಮನ್ ಬೆನ್ನಿಗೆ ರಕ್ಷಣೆ ಇರುವುದಿಲ್ಲ. 2017ರ ಫೆಬ್ರವರಿಯಲ್ಲಿ ಅನಾಹೈಮ್‌ನ ಆಂಟ್ವಾನ್ ವರ್ಮೆಟ್, ಫೇಸ್‌ಆಫ್ ಸೋತ ಸಿಟ್ಟಿಗೆ ಲೈನ್ಸ್‌ಮನ್ ಶಾಂಡರ್ ಅಲ್ಫಾನ್ಸೊ ಅವರ ಕಾಲಿಗೆ ಹಿಂದಿನಿಂದ ಸ್ಟಿಕ್‌ನಲ್ಲಿ ಹೊಡೆದ. ಅವನ ತಲೆಗೆ ಏನೂ ಆಗಿರಲಿಲ್ಲ. ಅವನಿಗೂ 10. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವೈಡ್‌ಮನ್‌ಗೆ 20 ಜಾಸ್ತಿಯೇ ಆಗಿತ್ತು ಅಂತ ಗೊತ್ತಾಗುತ್ತದೆ.

ಆದರೆ ಈ ಕಥೆಯಲ್ಲಿ ಶಿಕ್ಷೆ ತಪ್ಪಿಸಿಕೊಂಡವರು ಬೇರೆಯೇ ಇದ್ದಾರೆ. ಆಗಿನ ವ್ಯವಸ್ಥೆಯಲ್ಲಿ ಪೆಟ್ಟು ತಿಂದವನನ್ನು ಆಡಿಸಬೇಕೋ ಬೇಡವೋ ಅನ್ನುವುದು ಕ್ಲಬ್ ಕೈಯಲ್ಲಿತ್ತು. ಗೆಲ್ಲಬೇಕಾದವರೇ ಆಟಗಾರನ ತಲೆಯ ಬಗ್ಗೆ ತೀರ್ಮಾನ ಮಾಡುವುದು ಎಂಥ ನ್ಯಾಯ? ಮುಂದಿನ ಸೀಸನ್‌ನಲ್ಲಿ ಲೀಗ್ ನಿಯಮ ಬದಲಿಸಿ, ಆಟಗಾರನನ್ನು ಕಡ್ಡಾಯವಾಗಿ ಹೊರಗೆ ಕರೆಸುವ ಅಧಿಕಾರವನ್ನು ಲೀಗ್‌ನ ಸ್ಪಾಟರ್‌ಗಳಿಗೆ ಕೊಟ್ಟಿತು. ಒಳ್ಳೆಯ ಬದಲಾವಣೆ. ಮಂಕಾದ ಆಟಗಾರನನ್ನು ಆಡಲು ಬಿಟ್ಟ ತಂಡಕ್ಕೆ ಭಾರೀ ದಂಡವೂ ಬೀಳಬೇಕು ಅನ್ನುವುದು ನನ್ನ ಮಾತು.

[ದೃಶ್ಯ: ಖಾಲಿ ರಿಂಕ್, ಪಟ್ಟೆ ಜೆರ್ಸಿಯ ಫೋಟೊ.]

ಹೆಂಡರ್ಸನ್ ಕಥೆ ಹೇಳದೆ ಮುಗಿಸಲಾರೆ. ಅವರ ಕುತ್ತಿಗೆಗೆ ಆಪರೇಷನ್ ಆಯಿತು. ಆ ರಾತ್ರಿಯ ನಂತರ ಅವರು ಒಂದೇ ಒಂದು ಎನ್‌ಎಚ್‌ಎಲ್ ಪಂದ್ಯದಲ್ಲೂ ಕೆಲಸ ಮಾಡಲಿಲ್ಲ. 2018ರಲ್ಲಿ ವೈಡ್‌ಮನ್ ಮತ್ತು ಕ್ಯಾಲ್ಗರಿ ಕ್ಲಬ್ ಮೇಲೆ ಒಂದು ಕೋಟಿ ಡಾಲರಿಗೂ ಮೀರಿದ ಪರಿಹಾರ ಕೇಳಿ ದಾವೆ ಹಾಕಿದರು. ಆಟಗಾರ ಅಮಾನತಾದಾಗ ಕಳೆದುಕೊಳ್ಳುವ ಸಂಬಳ ಎಲ್ಲಿಗೆ ಹೋಗುತ್ತದೆ? ಆಟಗಾರರ ತುರ್ತು ನೆರವಿನ ನಿಧಿಗೆ. ನಿಧಿ ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಪೆಟ್ಟು ಬಿದ್ದದ್ದು ಲೈನ್ಸ್‌ಮನ್‌ಗೆ. ಅಧಿಕಾರಿಯ ಮೇಲೆ ಕೈ ಮಾಡಿದ್ದಕ್ಕೆ ಕಡಿತವಾದ ಸಂಬಳ ಮೊದಲು ಆ ಅಧಿಕಾರಿಯ ಆಸ್ಪತ್ರೆ ಖರ್ಚಿಗೆ, ಅವರ ಮನೆ ನಡೆಯುವುದಕ್ಕೆ ಹೋಗಬೇಕು. 40ನೇ ನಿಯಮಕ್ಕೆ ಈ ಒಂದು ಸಾಲು ಸೇರಿಸಲಿ ಅನ್ನುತ್ತೇನೆ. ನೀವು ಏನಂತೀರಿ, ಕೆಳಗೆ ಬರೆಯಿರಿ.