ಆಯಿ ಸೋಸಿ ಚೆಲ್ಲಿದ್ದನ್ನ ನಾನು ರೊಕ್ಕ ಕೊಟ್ಟು ತಂದೆ

ನಮಸ್ಕಾರ. ಬಾಗಲಕೋಟೆ ನವನಗರ, ನಮ್ಮ ಮನೆಯ ಪಡಸಾಲೆ. ಹಿಂದೆ ಕೇಳಿಸ್ತಿರೋದು ಆಯಿಯ ಧಾರಾವಾಹಿ, ಸ್ವಲ್ಪ ಸಹಿಸ್ಕೊಳ್ಳಿ.

ಈ ಬಾಟ್ಲಿ ನೋಡಿ. ನನ್ನ ಮೀನಿನ ಟ್ಯಾಂಕಿಗೆ ಅಂತ ರಾತ್ರಿ ಬಸ್ಸಿಗೆ ಹಾಕಿಸಿ ಬೆಂಗಳೂರಿನಿಂದ ತರಿಸಿದ್ದು. ಬರಿಗಣ್ಣಿಗೆ ತುಸು ಹಸಿರು ನೀರು, ಅಷ್ಟೇ. ಈಗ ಪಕ್ಕದಿಂದ ಟಾರ್ಚ್ ಹಿಡೀತೀನಿ. ಕಂಡ್ವಾ? ರವೆಗಿಂತ ಸಣ್ಣ ಬಿಳಿ ಚುಕ್ಕೆಗಳು. ಟಕ್ ಅಂತ ಜಿಗಿದು ನಿಲ್ಲುತ್ತವೆ, ಮತ್ತೆ ಜಿಗಿಯುತ್ತವೆ. ಕಸ ಆಗಿದ್ರೆ ಸುಮ್ನೆ ತೇಲ್ತಿತ್ತು. ಇವು ಕೋಪೆಪಾಡ್‌ಗಳು, ಸಿಗಡಿ ಏಡಿಗಳ ಬಳಗ. ಗ್ರೀಕ್‌ನಲ್ಲಿ ಆ ಹೆಸರಿನ ಅರ್ಥ ಹುಟ್ಟುಗಾಲು. ಅಂಬಿಗ ಹುಟ್ಟು ಹಾಕಿದ ಹಾಗೆ ಕಾಲು ಬೀಸ್ತವೆ. ನಾನು ತರಿಸಿದ ಜಾತಿ ಟಿಸ್ಬೆ. ಬಲಿತದ್ದೂ ಒಂದು ಮಿಲಿಮೀಟರ್ ಸುತ್ತಮುತ್ತ.

ಆಯಿ ಕನ್ನಡಕ ಏರಿಸಿ ಬಾಟ್ಲಿ ನೋಡಿದಳು. "ಹೇನಿನ ಮರಿ ಇದ್ದಂಗ ಅದಾವಲ್ಲೋ. ಇದಕ್ಕ ರೊಕ್ಕ ಕೊಟ್ಟಿ ಏನು?"

ಕೊಟ್ಟೆ. ಅದೂ ಎರಡನೇ ಸಲ.

ಮೊದಲ ಸಲದ ಕಥೆ ಹೇಳೋಕೆ ನಾಚಿಕೆ. ನನ್ನದು 60 ಲೀಟರಿನ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಮೀನು, ಒಂದಷ್ಟು ಕಲ್ಲು. ಮಟಮಟ ಮಧ್ಯಾಹ್ನ, ಲೈಟ್ ಉರೀತಿರುವಾಗ, ಬಾಟ್ಲಿ ಬಗ್ಗಿಸಿಬಿಟ್ಟೆ. ಮೀನುಗಳಿಗೆ ಮದುವೆ ಊಟ. ಅವು ಬಿಟ್ಟದ್ದನ್ನ ಫಿಲ್ಟರ್ ಎಳ್ಕೊಂಡಿತು. ಮರುದಿನ ಹುಡುಕಿದರೆ ಒಂದೂ ಇಲ್ಲ.

ಅದಕ್ಕೇ ಈ ಸಲ ರಾತ್ರಿ. ಬಾಟ್ಲಿಯನ್ನ ಸಂಜೆಯೇ ಟ್ಯಾಂಕಿನಲ್ಲಿ ತೇಲಿಬಿಟ್ಟೆ, ಎರಡೂ ನೀರಿನ ಬಿಸಿ ಒಂದಾಗಲಿ ಅಂತ. ಆಮೇಲೆ ಟ್ಯಾಂಕಿನ ನೀರನ್ನ ಹನಿಹನಿಯಾಗಿ ಒಳಗೆ ಬಿಟ್ಟೆ. ಉಪ್ಪು ಒಮ್ಮೆಲೇ ಬದಲಾದರೆ ಜೀವಕ್ಕೆ ಕಷ್ಟ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಮ್ಮೂರ ಬೇಸಿಗೆಯಲ್ಲಿ ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹಾಗಾಗಿ ದಿನಾ ಮೇಲಿನಿಂದ ಹಾಕೋದು ಲವಣ ತೆಗೆದ ಆರ್‌ಓ ನೀರು ಮಾತ್ರ, ಉಪ್ಪುನೀರಲ್ಲ. ಬೋರ್ ನೀರಂತೂ ಬೇಡವೇ ಬೇಡ.

ಬಸ್ಸಿನಲ್ಲಿ ಕುದ್ದು ಬಂದ ಬಾಟ್ಲಿಯ ನೀರನ್ನ ಟ್ಯಾಂಕಿಗೆ ಸುರಿಯೋ ಮನಸ್ಸಾಗಲಿಲ್ಲ. ಮೀನಿನ ಬಲೆಯಲ್ಲಿ ಸೋಸಿದರೆ ಇವು ತೂತಿನಿಂದ ಇಳಿದುಹೋಗ್ತವೆ. ಆಗ ಆಯಿ ಒಳಗೆ ಹೋಗಿ ಅಜ್ಜನ ಹಳೇ ಧೋತರದ ತುಂಡು ತಂದಳು.

"ನಾವು ಇದರಾಗ ಸೋಸತಿದ್ವಿ. ನಾರುಹುಣ್ಣಿನ ಹುಳ."

ನಂಗೆ ಆಗ ಹೊಳೀತು. ಮೆಟ್ಟಿಲ ಬಾವಿಯ ನೀರಲ್ಲಿರುತ್ತಿದ್ದ ಸೈಕ್ಲೋಪ್ಸ್ ಕೂಡ ಕೋಪೆಪಾಡೇ! ಸಿಹಿನೀರಿನದು, ಇವುಗಳ ದಾಯಾದಿ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಸೋಸದೆ ಕುಡಿದರೆ ವರ್ಷದ ಮೇಲೆ ಕಾಲಿನಿಂದ ಹುಳ ಹೊರಬರುತ್ತಿತ್ತು, ಮೊಳಕ್ಕಿಂತ ಉದ್ದ. ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೀಬೇಕು, ತುಂಡಾದ್ರೆ ಮುಗೀತು. ಆಯಿಯ ಅಣ್ಣ ಸುಗ್ಗಿಯೆಲ್ಲ ಹೊರಸಿನ ಮೇಲೇ ಕಳೆದನಂತೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಈ ರೋಗ ಇಲ್ಲ ಅಂತ ಘೋಷಿಸಿತು. ಅದರಲ್ಲಿ ಇಂಥ ಬಟ್ಟೆಗಳ ಪಾಲೂ ಇದೆ.

ಧೋತರವನ್ನ ಸೋಪಿಲ್ಲದೆ ಎರಡು ಸಲ ಜಾಲಿಸಿ, ನಾಲ್ಕು ಮಡಿಕೆ ಮಾಡಿ ಹಿಡಿದಳು. ನಾನು ಬಗ್ಗಿಸಿದೆ. ಬಟ್ಟೆಯ ಮೇಲೆ ಒದ್ದೆ ಹಿಟ್ಟಿನಂಥ ಪಸೆ ಉಳೀತು, ಟಾರ್ಚ್ ಬಿಟ್ಟರೆ ಮಿಸುಕಾಡ್ತಿತ್ತು. ತಕ್ಷಣ ಅದನ್ನ ಟ್ಯಾಂಕಿನ ನೀರಿದ್ದ ಲೋಟದಲ್ಲಿ ಮಗುಚಿ ಅಲುಗಿಸಿದೆ. ಲೈಟ್ ಆರಿಸಿ, ಫಿಲ್ಟರ್ ಬಂದ್ ಮಾಡಿ, ಸಣ್ಣ ಪೈಪಿನಿಂದ ಕಲ್ಲಿನ ಸಂದಿಗೇ ಬಿಟ್ಟೆ. ಕ್ಲೌನ್‌ಗಳು ಮೂಲೆಯಲ್ಲಿ ತೂಕಡಿಸ್ತಿದ್ದವು. ಒಂದು ತಾಸು ಬಿಟ್ಟು ಫಿಲ್ಟರ್ ಹಾಕಿದೆ, ಈ ಸಲ ಬಾಯಿಗೆ ಸ್ಪಂಜ್ ಕಟ್ಟಿ.

ಇವು ಟ್ಯಾಂಕಿನಲ್ಲಿ ಮಾಡೋ ಕೆಲಸ? ಗಾಜಿನ ಪಾಚಿ, ಮಿಕ್ಕಿದ ಮೀನಿನ ಊಟ ಮೇಯ್ತವೆ. ಆಮೇಲೆ ತಾವೇ ಮೀನಿಗೆ ಊಟ ಆಗ್ತವೆ. ಇದನ್ನ ನಂಬ್ಕೊಂಡು ಮ್ಯಾಂಡರಿನ್ ಮೀನು ಮಾತ್ರ ತರಬೇಡಿ. ಅದು ದಿನವಿಡೀ ಇವನ್ನೇ ಹೆಕ್ಕುತ್ತೆ, ಇಷ್ಟು ಚಿಕ್ಕ ಟ್ಯಾಂಕಲ್ಲಿ ಉಪವಾಸ ಬೀಳುತ್ತೆ.

ಇದು ಹದಿನೆಂಟನೇ ರಾತ್ರಿಯ ವಿಡಿಯೋ. ಗಾಜಿನ ಕೆಳಗೆ, ಮರಳಿನ ಹತ್ತಿರ ನೋಡಿ. ಹತ್ತಿಪ್ಪತ್ತು ಬಿಳಿ ಚುಕ್ಕೆ ಓಡಾಡ್ತಿವೆ. ಈ ಒಂದರ ಬಾಲದ ಬುಡದಲ್ಲಿ ಪುಟ್ಟ ಗಂಟಿದೆ, ಮೊಟ್ಟೆ ಚೀಲ. ಆಯಿಗೆ ಭೂತಗನ್ನಡಿ ಕೊಟ್ಟೆ. ಬಾಳ ಹೊತ್ತು ನೋಡಿದಳು.

"ಬಸುರಿ ಅದಾಳ," ಅಂದಳು. ಆಮೇಲೆ ಕ್ಲೌನ್ ಮೀನಿನ ಕಡೆ ತಿರುಗಿ, "ಇದರ ಕಾಲಾಗ ಹುಳ ಬಂದ್ರ ಎಲ್ಲಿ ಕಡ್ಡಿ ಸುತ್ತತೀಯೋ?"

ಇವು ಉಪ್ಪುನೀರಿನವು, ಆ ಹುಳ ಇವುಗಳಲ್ಲಿ ಇರಲ್ಲ ಅಂದೆ. ಮೀನಿಗೆ ಕಾಲೂ ಇಲ್ಲ ಅಂದೆ. ಧೋತರದ ತುಂಡನ್ನ ಮಾತ್ರ ಒಗೆದು, ಮಡಚಿ, ಟ್ಯಾಂಕಿನ ಪಕ್ಕದಲ್ಲೇ ಇಟ್ಟಿದ್ದಾಳೆ.